ನಲವತ್ತು ಹೆಜ್ಜೆ

ಅಕ್ಟೋಬರ್ ಮುಗಿಯುವ ಹೊತ್ತು. ಸಸ್ಕಾಚೆವಾನಿನ ನೆಲ
ಮೇಲೆ ಮೇಲೆ ಗಟ್ಟಿ, ಒಳಗಿನ್ನೂ ಮೆತ್ತಗೆ,
ನಿನ್ನೆಯ ಬ್ರೆಡ್ಡಿನ ಹಾಗೆ.
ಶೆಡ್ಡು ಸರಿಸುವುದಾದರೆ ಈ ವಾರವೇ ಸರಿಸಬೇಕು.
ಹಿಮ ಬಿದ್ದಮೇಲೆ ಅದು ಏಪ್ರಿಲ್‌ವರೆಗೆ ಯಾರ ಮಾತೂ ಕೇಳುವುದಿಲ್ಲ.

ಓರೆಸ್ತ್ ಅಳೆದ. ನಾನು ಮತ್ತೆ ಅಳೆದೆ.
ಅವನ ಹೆಜ್ಜೆಗೆ ಮೂವತ್ತೆರಡು, ನನ್ನದಕ್ಕೆ ನಲವತ್ತು.
ಯಾಕೆ ಸರಿಸುತ್ತೀಯ ಎಂದವರಿಗೆಲ್ಲ
"ನೀರು ನಿಲ್ಲುತ್ತದೆ, ಹಲಗೆ ಕೊಳೆಯುತ್ತಿದೆ" ಎಂದ.
ನೀರು ನಿಲ್ಲುವುದು ನಿಜ.
ಹತ್ತೊಂಬತ್ತು ವರ್ಷದಿಂದಲೂ ನಿಲ್ಲುತ್ತಿತ್ತು.

ಅದನ್ನು ಅಲ್ಲಿ ಕಟ್ಟಿದ್ದು ಯಾಕೆಂದು ಊರಿಗೇ ಗೊತ್ತು.
ಅಪ್ಪನ ಬಿತ್ತನೆ ಯಂತ್ರ ಯಾರದೆಂಬ ಜಗಳ;
ಈಸ್ಟರ್ ಊಟದ ನಡುವೆ ಎದ್ದುಹೋದ ಅಣ್ಣ ನಾಝಾರ್;
ಮರುವಾರವೇ ಇವನು ಮರ ತಂದ, ಮೊಳೆ ತಂದ,
ಅಡುಗೆಮನೆ ಕಿಟಕಿಗೆ ನೇರವಾಗಿ
ಎಂಟಡಿಗೆ ಹನ್ನೆರಡಡಿ ಮುನಿಸನ್ನು ನಿಲ್ಲಿಸಿದ,
ಮೇಲೆ ತಗಡು ಹೊದಿಸಿದ.
ಅಣ್ಣನ ಮನೆಯ ದೀಪ ಮರೆಯಾಯಿತು,
ಜೊತೆಗೆ ನನ್ನ ಇಳಿಹೊತ್ತಿನ ಬಿಸಿಲೂ.
ಬಿಸಿಲು ಯಾರ ಯಂತ್ರ ಕೇಳಿತ್ತು?

ಒಳಗಿದ್ದದ್ದನ್ನೆಲ್ಲ ಹೊರಗೆ ಹಾಕಿದೆ:
ಬೀಟ್‌ರೂಟ್ ಭರಣಿ ಹದಿನೇಳು, ಒಣಗಿದ ಬಣ್ಣದ ಡಬ್ಬಿ,
ಒಂಟಿ ಸ್ಕೇಟು, ಹಿಡಿ ಮುರಿದ ಸಲಿಕೆ,
"ಬೇಕಾಗುತ್ತದೆ" ಎಂದು ಅವನು ಎತ್ತಿಟ್ಟ,
ಇಂದಿಗೂ ಯಾವ ಬಾಗಿಲಿಗೂ ಬೇಕಾಗದ ಕೀಲುಗಳು.
ಖಾಲಿ ಶೆಡ್ಡಿನ ನಡುವೆ ಒಂದು ತಟ್ಟೆ ಇಟ್ಟು
ಅಂಚಿನವರೆಗೆ ನೀರು ತುಂಬಿದೆ,
ವಾಲಿದರೆ ಗೊತ್ತಾಗಲಿ ಎಂದು.
ಅಮ್ಮ ಒಲೆ ಕೂರಿಸುವಾಗ ಹೀಗೇ ಮಾಡುತ್ತಿದ್ದಳು.

ಮೂಲೆಮೂಲೆಗೂ ಜಾಕು. ಒಂದಿಂಚು ಎತ್ತು,
ಮರದ ತುಂಡು ತುರುಕು, ಮತ್ತೊಂದಿಂಚು.
ಹೊಟ್ಟೆಯಡಿಗೆ ಹಳೆಯ ಟೆಲಿಫೋನ್ ಕಂಬ ಎರಡು,
ಕಂಬದಡಿಗೆ ಎಣ್ಣೆಬಾವಿಯ ಕೊಳವೆ ಐದು.
ಟ್ರ್ಯಾಕ್ಟರಿಗೆ ಪಕ್ಕದ ಹೊಲದ ಹುಡುಗ ಲಿಂಡನ್,
ಹದಿನೆಂಟು ತುಂಬಿಲ್ಲ, ಈ ಶೆಡ್ಡಿಗಿಂತ ಚಿಕ್ಕವನು.
ಸರಪಳಿ ಬಿಗಿಯಿತು. ಶೆಡ್ಡು ನರಳಿತು.
ಎಲ್ಲೋ ಒಂದು ಮೊಳೆ ಟಪ್ಪೆಂದಿತು.
ಆಮೇಲೆ, ಮದುವೆಮನೆಗೆ ಹೊರಟ ಅಜ್ಜಿಯಂತೆ,
ಯಾರ ಅವಸರಕ್ಕೂ ಸಿಗದೆ ಹೊರಟಿತು.

ಹಿಂದೆ ಉಳಿದ ಕೊಳವೆಯನ್ನೆತ್ತಿ
ಓಡಿಹೋಗಿ ಮುಂದೆ ಹಾಕುವುದು ನನ್ನ ಕೆಲಸ.
ದಾಟಿದ್ದನ್ನೇ ಮತ್ತೆ ದಾಟುವುದು.
ಹನ್ನೊಂದನೆಯ ಹೆಜ್ಜೆಗೆ ಸೊಂಟ ಹಿಡಿಯಿತು.
ಬಗ್ಗಿದವಳು ಏಳುವಷ್ಟರಲ್ಲಿ
ಕೊಳವೆಯ ಆ ತುದಿಯಲ್ಲಿ ಎರಡು ಕೈ.
ಬೆರಳೊಂದು ಅರ್ಧ. ಆ ಅರ್ಧ ಬೆರಳು ನನಗೆ ಗೊತ್ತು,
ಉಳಿದರ್ಧವನ್ನು ಕೊಯ್ಲುಯಂತ್ರ ತಿಂದ ದಿನ
ಆಸ್ಪತ್ರೆಗೆ ಕಾರು ಓಡಿಸಿದ್ದು ನಾನೇ.

ನಾಝಾರ್ ಏನೂ ಹೇಳಲಿಲ್ಲ.
ಓರೆಸ್ತ್ ನೋಡಿದ; ನೋಡಿ, ಸರಪಳಿಯತ್ತ ತಿರುಗಿದ.
ಸರಪಳಿಯಲ್ಲಿ ನೋಡುವಂಥದ್ದು ಏನೂ ಇರಲಿಲ್ಲ.
ಹೀಗೇ ಇಪ್ಪತ್ತೊಂಬತ್ತು ಹೆಜ್ಜೆ.
ಕೊನೆಗೆ ನಾಝಾರ್ ಬಾಗಿಲೊಳಗೆ ತಲೆ ಹಾಕಿ,
ತಟ್ಟೆ ನೋಡಿ, ಗಾಳಿಗೆ ಹೇಳಿದ ಹಾಗೆ ಹೇಳಿದ:
"ಬಡಗಣ ಮೂಲೆ ಅರ್ಧ ಇಂಚು ತಗ್ಗು."
"ಕಾಲಿಂಚು," ಎಂದ ಓರೆಸ್ತ್.
ಅಷ್ಟೇ.
ಹಲಗೆಚೂರು ಹುಡುಕಲು ಇಬ್ಬರೂ ಹೋದರು,
ಬೇರೆ ಬೇರೆ ದಿಕ್ಕಿಗೆ.

ಹಳೆಯ ಜಾಗದಲ್ಲಿ ಬಿಳಿಚಿದ ಮಣ್ಣಿನ ಚೌಕ,
ಇಲಿಯ ಗೂಡು, ಎಂದೋ ಕಳೆದ ನನ್ನ ತೋಟದ ಕತ್ತರಿ.
ಬೆಕ್ಕು ಬಂದು, ಬಾಗಿಲಿದ್ದ ಕಡೆಯಿಂದಲೇ ಒಳಹೊಕ್ಕು,
ಗೋಡೆಯಿದ್ದಲ್ಲಿ ನಿಂತು ಅರಚಿತು.

ಸಂಜೆ ಪಾತ್ರೆ ತೊಳೆಯುವಾಗ ಕಿಟಕಿಯ ತುಂಬ ಬಿಸಿಲು;
ಆ ಬಿಸಿಲಲ್ಲಿ ನನ್ನ ಗೋಡೆಯ ಜಿಡ್ಡೆಲ್ಲ ಬಯಲು.
ಬಿಸಿಲು ಇಳಿದ ಮೇಲೆ ಬೇಲಿಯಾಚೆ ದೀಪ ಹತ್ತಿತು.
ಅಲ್ಲೂ ಯಾರೋ, ನನ್ನ ಹಾಗೇ,
ಕೈಯಲ್ಲಿ ತಟ್ಟೆ ಹಿಡಿದು ಇತ್ತ ನೋಡುತ್ತ ನಿಂತಿದ್ದರು.

ಪರದೆ ತರಬೇಕು ಅಂದುಕೊಂಡೆ.
ಇನ್ನೂ ತಂದಿಲ್ಲ.